ಬಿಪಿ, ಶುಗರ್ ಮಾತ್ರೆಗಳ ತಿಂಗಳ ಖರ್ಚನ್ನು ಇಳಿಸುವ ಬಗೆ

ಮನೆಯಲ್ಲಿ ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಶುಗರ್, ಮತ್ತೊಬ್ಬರಿಗೆ ಥೈರಾಯ್ಡ್ ಎಂದಾದ ಮೇಲೆ ಮೆಡಿಕಲ್ ಶಾಪಿನ ಬಿಲ್ಲು ಹಾಲು, ದಿನಸಿ, ಕರೆಂಟು ಬಿಲ್ಲುಗಳ ಸಾಲಿಗೆ ಸೇರಿಬಿಡುತ್ತದೆ. ಆ ಬಿಲ್ಲು ಭಾರವಾದಾಗ ಅನೇಕರು ಹಿಡಿಯುವ ದಾರಿ ಎಂದರೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು, ಇಲ್ಲವೇ ‘ಬಿಪಿ ನಾರ್ಮಲ್ ಬಂದಿದೆ’ ಎಂದು ತಾವೇ ನಿಲ್ಲಿಸುವುದು. ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ ಬಿಪಿ ನಾರ್ಮಲ್ ಬಂದಿರುತ್ತದೆ ಎಂಬುದು ಆಗ ಮರೆತುಹೋಗುತ್ತದೆ. ಹೀಗೆ ಉಳಿಸಿದ ಕೆಲವು ನೂರು ರೂಪಾಯಿ ಪಾರ್ಶ್ವವಾಯುವಿನ ಅಥವಾ ಡಯಾಲಿಸಿಸ್‌ನ ಖರ್ಚಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಡೋಸ್ ಮುಟ್ಟದೆಯೇ ಖರ್ಚು ಇಳಿಸಲು ಸಾಕಷ್ಟು ಅವಕಾಶವಿದೆ. ಅದನ್ನು ಎಲ್ಲಿಂದ ಶುರು ಮಾಡಬೇಕು, ಯಾವುದರ ನಂತರ ಯಾವುದು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೊದಲು ಎಲ್ಲ ಸ್ಟ್ರಿಪ್‌ಗಳನ್ನು ಮೇಜಿನ ಮೇಲಿಡಿ

ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಮುಲಾಮುಗಳನ್ನು ಒಂದೆಡೆ ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆ ಇಟ್ಟುಕೊಂಡು ಪಟ್ಟಿ ಮಾಡಿ. ಈ ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರಿಗಿಂತ ಮುಖ್ಯವಾದದ್ದು ಮೆಡಿಕಲ್ ಶಾಪಿನವರು ‘ಕಂಟೆಂಟ್’ ಎನ್ನುವ ಮೂಲ ಔಷಧದ ಹೆಸರು. ಸ್ಟ್ರಿಪ್ಪಿನ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ‘ಟೆಲ್ಮಿಸಾರ್ಟನ್ ಟ್ಯಾಬ್ಲೆಟ್ಸ್ ಐಪಿ 40 ಮಿ.ಗ್ರಾಂ’ ಎಂಬಂತಹ ಒಂದು ಸಾಲು ಕಾಣುತ್ತದೆ. ಒಂದೇ ಔಷಧವಿರುವ ಮಾತ್ರೆಗಳಲ್ಲಿ ಈ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ಹೆಸರು, ಮಿಲಿಗ್ರಾಂ, ತೆಗೆದುಕೊಳ್ಳುವ ಹೊತ್ತು, ಬರೆದುಕೊಟ್ಟ ವೈದ್ಯರು, ಸ್ಟ್ರಿಪ್ಪಿನಲ್ಲಿರುವ ಮಾತ್ರೆಗಳ ಸಂಖ್ಯೆ, ಎಂಆರ್‌ಪಿ, ಇಷ್ಟನ್ನೂ ಬರೆದುಕೊಳ್ಳಿ.

ಬ್ರ್ಯಾಂಡ್ ಹೆಸರಿನ ಬಾಲಕ್ಕೆ ಅಂಟಿಕೊಂಡಿರುವ ಅಕ್ಷರಗಳನ್ನೂ ಗಮನಿಸಬೇಕು. ಬಿಪಿ ಮಾತ್ರೆಗಳಲ್ಲಿ ‘ಎಎಂ’ ಎಂದಿದ್ದರೆ ಸಾಮಾನ್ಯವಾಗಿ ಆಮ್ಲೋಡಿಪಿನ್ ಸೇರಿದೆ ಎಂದೂ ‘ಎಚ್’ ಎಂದಿದ್ದರೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಸೇರಿದೆ ಎಂದೂ ಅರ್ಥ. ಶುಗರ್ ಮಾತ್ರೆಗಳಲ್ಲಿ ‘ಎಂ’ ಬಂದರೆ ಹೆಚ್ಚಾಗಿ ಮೆಟ್‌ಫಾರ್ಮಿನ್. ‘ಎಸ್‌ಆರ್’, ‘ಇಆರ್’, ‘ಎಕ್ಸ್‌ಎಲ್’ ಎಂದಿರುವ ಮಾತ್ರೆಗಳು ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಾದವು. ಹೆಚ್ಚು ಮಿಲಿಗ್ರಾಂನ ಮಾತ್ರೆ ತಂದು ಅರ್ಧ ಮಾಡಿಕೊಂಡರೆ ಉಳಿತಾಯವಾಗುತ್ತದೆ ಎಂಬ ಸಲಹೆಯನ್ನು ಇಂತಹವಕ್ಕೆ ಅನ್ವಯಿಸಲೇಬಾರದು, ಅವುಗಳನ್ನು ಜಜ್ಜಲೂಬಾರದು.

ಈ ಪಟ್ಟಿಯ ಮೊದಲ ಲಾಭ ಹಣದ್ದಲ್ಲ, ಸುರಕ್ಷತೆಯದು. ಹೃದಯದ ವೈದ್ಯರು ಒಂದು ಬ್ರ್ಯಾಂಡಿನ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ಟ್ರಿಕ್ ಮಾತ್ರೆ ಬರೆದಿರುತ್ತಾರೆ, ಮಂಡಿನೋವಿಗೆ ತೋರಿಸಿದ ಮೂಳೆ ವೈದ್ಯರು ಇನ್ನೊಂದು ಬ್ರ್ಯಾಂಡಿನ ಅದನ್ನೇ ಬರೆದಿರುತ್ತಾರೆ. ಹೊದಿಕೆಯ ಬಣ್ಣ ಬೇರೆಯಾದ್ದರಿಂದ ಮನೆಯವರು ಎರಡನ್ನೂ ಕೊಡುತ್ತಿರುತ್ತಾರೆ. ಪ್ಯಾರಾಸಿಟಮಾಲ್ ವಿಷಯದಲ್ಲಿ ಇದು ಇನ್ನೂ ಅಪಾಯಕಾರಿ. ಜ್ವರದ ಮಾತ್ರೆಯಲ್ಲೂ ಅದಿದೆ, ನೆಗಡಿ ಮಾತ್ರೆಯಲ್ಲೂ ಇದೆ, ಮೈಕೈ ನೋವಿನ ಕಾಂಬಿನೇಷನ್ ಮಾತ್ರೆಯಲ್ಲೂ ಇದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದೆಂಬ ಮಿತಿ ಇರುವ ಈ ಔಷಧ ಅತಿಯಾದರೆ ಪಿತ್ತಜನಕಾಂಗವನ್ನು ಕೆಡಿಸುತ್ತದೆ.

ವೈದ್ಯರ ಬಳಿ ಆ ಪಟ್ಟಿಯನ್ನೇ ಕೊಂಡೊಯ್ಯಿರಿ

ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ಪಟ್ಟಿಯನ್ನು ಇಟ್ಟು ಮೂರು ಮಾತು ಕೇಳಬೇಕು. ಇವುಗಳಲ್ಲಿ ಈಗ ಬೇಡವಾದದ್ದು ಯಾವುದಾದರೂ ಇದೆಯೇ? ಉಳಿದವುಗಳನ್ನು ಜೆನೆರಿಕ್ ಹೆಸರಿನಲ್ಲಿ, ಅಂದರೆ ಬ್ರ್ಯಾಂಡ್ ಬದಲು ಮೂಲ ಔಷಧದ ಹೆಸರಿನಲ್ಲಿ, ಬರೆದುಕೊಡಬಹುದೇ? ಯಾವುದನ್ನು ಮಾತ್ರ ಒಂದೇ ಕಂಪನಿಯದನ್ನೇ ತೆಗೆದುಕೊಳ್ಳಬೇಕು? ಮೊದಲ ಪ್ರಶ್ನೆಯಲ್ಲೇ ಎಷ್ಟೋ ಸಲ ಒಳ್ಳೆಯ ಉಳಿತಾಯವಾಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಎರಡು ವಾರಕ್ಕೆಂದು ಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆ, ಬಿ ಕಾಂಪ್ಲೆಕ್ಸ್, ಪ್ರೋಟೀನ್ ಪುಡಿಗಳು ಯಾರೂ ನಿಲ್ಲಿಸಿ ಎಂದು ಹೇಳದ ಕಾರಣಕ್ಕೆ ವರ್ಷಗಟ್ಟಲೆ ಮುಂದುವರಿದಿರುತ್ತವೆ. ಹಾಗೆಂದು ಅವನ್ನು ನಾವೇ ನಿಲ್ಲಿಸುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದೇ ಗ್ಯಾಸ್ಟ್ರಿಕ್ ಮಾತ್ರೆ ಹೊಟ್ಟೆಯ ರಕ್ತಸ್ರಾವ ತಡೆಯಲೆಂದೇ ಕೊಟ್ಟದ್ದಿರಬಹುದು.

ಎರಡನೆಯ ಪ್ರಶ್ನೆಗೆ ಕಾನೂನಿನ ಹಿನ್ನೆಲೆಯಿದೆ. ಔಷಧ ನಿಯಮಾವಳಿಯ 65(11ಎ) ನಿಯಮದ ಪ್ರಕಾರ ಚೀಟಿಯಲ್ಲಿ ಬರೆದ ಶೆಡ್ಯೂಲ್ ಎಚ್ (ವೈದ್ಯರ ಚೀಟಿಯಿಲ್ಲದೆ ಮಾರಬಾರದ) ಔಷಧಕ್ಕೆ ಬದಲಾಗಿ, ಕಂಟೆಂಟ್ ಒಂದೇ ಆಗಿದ್ದರೂ, ಬೇರೊಂದು ತಯಾರಿಕೆಯನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ. ಬಿಪಿ, ಶುಗರ್ ಮಾತ್ರೆಗಳಲ್ಲಿ ಬಹುತೇಕ ಈ ಗುಂಪಿನವೇ. ಆದ್ದರಿಂದ ಕೌಂಟರಿನಲ್ಲಿ ನಿಂತು ‘ಕಡಿಮೆ ಬೆಲೆಯದ್ದು ಕೊಡಿ’ ಎಂದು ಒತ್ತಾಯಿಸುವುದಕ್ಕಿಂತ ಚೀಟಿಯಲ್ಲೇ ಮೂಲ ಹೆಸರು ಬರೆಸಿಕೊಳ್ಳುವುದು ಜಾಣತನ. ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂಬ ಸೂಚನೆ 2016ರಲ್ಲಿಯೇ ವೈದ್ಯರ ನೀತಿಸಂಹಿತೆಗೆ ಸೇರಿದೆ. ಸಂಕೋಚಪಡುವ ಅಗತ್ಯವಿಲ್ಲ, ‘ಡಾಕ್ಟ್ರೇ, ತಿಂಗಳ ಖರ್ಚು ಸ್ವಲ್ಪ ಹೆಚ್ಚಾಗುತ್ತಿದೆ, ಕಂಟೆಂಟ್ ಹೆಸರು ಬರೆದುಕೊಡುತ್ತೀರಾ’ ಎಂದು ಕೇಳಿದರೆ ಬಹುಪಾಲು ವೈದ್ಯರು ಬರೆದುಕೊಡುತ್ತಾರೆ. ಊರಿನಿಂದ ಮಾತ್ರೆ ಕೊಂಡುಹೋಗುವ ಹೊರದೇಶದ ಕನ್ನಡಿಗರಿಗೂ ಈ ಚೀಟಿ ಉಪಯುಕ್ತ, ಏಕೆಂದರೆ ಇಲ್ಲಿನ ಬ್ರ್ಯಾಂಡ್ ಹೆಸರು ಅಲ್ಲಿನ ವೈದ್ಯರಿಗೆ ಗೊತ್ತಿರುವುದಿಲ್ಲ.

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಥೈರಾಯ್ಡಿನ ಲಿವೊಥೈರಾಕ್ಸಿನ್, ಫಿಟ್ಸ್ ಕಾಯಿಲೆಯ ಫಿನಿಟಾಯಿನ್, ರಕ್ತ ತೆಳುವಾಗಿಸುವ ವಾರ್ಫರಿನ್ ಮುಂತಾದವುಗಳಲ್ಲಿ ರಕ್ತದಲ್ಲಿನ ಪ್ರಮಾಣ ಸ್ವಲ್ಪ ಏರುಪೇರಾದರೂ ತೊಂದರೆಯಾಗುತ್ತದೆ. ಇವನ್ನು ಪ್ರತಿ ತಿಂಗಳೂ ಅಗ್ಗವಾದ ಕಂಪನಿ ಹುಡುಕಿ ಬದಲಿಸುತ್ತಾ ಹೋಗಬಾರದು. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ ಬದಲಿಸಿ, ಥೈರಾಯ್ಡಿನದಾದರೆ ಆರರಿಂದ ಎಂಟು ವಾರಗಳಲ್ಲಿ, ಡೋಸ್ ಸರಿಯಿದೆಯೇ ಎಂದು ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಅನಂತರ ಅದೇ ಕಂಪನಿಗೆ ಅಂಟಿಕೊಳ್ಳಬೇಕು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಅಟೋರ್ವಾಸ್ಟಾಟಿನ್‌ನಂತಹವುಗಳಲ್ಲಿ ಇಷ್ಟು ಬಿಗಿ ಬೇಕಾಗುವುದಿಲ್ಲ.

ಎಲ್ಲಿ ಕೊಳ್ಳಬೇಕು

ಕೊಳ್ಳದೆಯೇ ಸಿಗುವ ಜಾಗದಿಂದಲೇ ಆರಂಭಿಸೋಣ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಮತ್ತು ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್ ತಪಾಸಣೆ ಮಾಡಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ನಗರಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ. ರಾಜ್ಯದ ಗೃಹ ಆರೋಗ್ಯ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು 30 ದಾಟಿದವರನ್ನು ತಪಾಸಣೆ ಮಾಡುತ್ತಾರೆ. ಅವರು ಬಂದಾಗ ‘ನಾವು ಪ್ರೈವೇಟ್‌ನಲ್ಲಿ ತೋರಿಸುತ್ತೇವೆ’ ಎಂದು ಕಳುಹಿಸಿಬಿಡುವುದು ನಮ್ಮ ಮಧ್ಯಮವರ್ಗದ ಅಭ್ಯಾಸ. ಖಾಸಗಿ ವೈದ್ಯರನ್ನು ಬಿಡದೆಯೂ ಅಲ್ಲಿ ಹೆಸರು ಬರೆಸಿ ಮಾಮೂಲಿ ಮಾತ್ರೆಗಳನ್ನು ಪಡೆಯಬಹುದು. ದಾಸ್ತಾನು ಕೆಲವೊಮ್ಮೆ ತಪ್ಪುವುದುಂಟು, ಆದ್ದರಿಂದ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೋಗಬೇಕು. ಆಯುಷ್ಮಾನ್ ಕಾರ್ಡ್ ಇದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚಕ್ಕೇ ಹೊರತು ತಿಂಗಳ ಮಾತ್ರೆಗಲ್ಲ.

ಎರಡನೆಯದು ಜನೌಷಧಿ ಕೇಂದ್ರ. 2008ರಲ್ಲಿ ಅಮೃತಸರದಲ್ಲಿ ಮೊದಲ ಮಳಿಗೆಯೊಂದಿಗೆ ಆರಂಭವಾದ ಈ ಯೋಜನೆಯಲ್ಲಿ ಔಷಧಗಳು ಬ್ರ್ಯಾಂಡಿನ ಬೆಲೆಗಿಂತ ಶೇ 50ರಿಂದ 80ರಷ್ಟು ಅಗ್ಗ ಎಂದು ಸರ್ಕಾರ ಹೇಳುತ್ತದೆ, ಸಾಮಾನ್ಯ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆಗಳಲ್ಲಿ ಈ ವ್ಯತ್ಯಾಸ ಬಿಲ್ಲಿನಲ್ಲೇ ಎದ್ದು ಕಾಣುತ್ತದೆ. ‘ಅಗ್ಗದ್ದು, ಪವರ್ ಕಡಿಮೆ ಇರಬಹುದು’ ಎಂಬ ಅನುಮಾನ ಸಹಜ. ಆದರೆ ನಾವು ಹೆಚ್ಚು ಬೆಲೆ ಕೊಟ್ಟು ತರುವ ಬ್ರ್ಯಾಂಡ್‌ಗಳಲ್ಲಿ ಬಹುಪಾಲು ಕೂಡ ಪೇಟೆಂಟ್ ಮುಗಿದ ಔಷಧಕ್ಕೆ ಕಂಪನಿ ತನ್ನ ಹೆಸರಿಟ್ಟು ಮಾರುವ ಜೆನೆರಿಕ್‌ಗಳೇ. ಎರಡಕ್ಕೂ ಇರುವುದು ಒಂದೇ ಭಾರತೀಯ ಫಾರ್ಮಕೋಪಿಯಾ ಮಾನದಂಡ. ಸ್ಟ್ರಿಪ್ಪಿನ ಮೇಲಿನ ‘ಐಪಿ’ ಎಂಬುದು ಅದನ್ನೇ ಸೂಚಿಸುತ್ತದೆ. ಜನೌಷಧಿಗೆ ಬರುವ ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆಯಿದೆ. ಇಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ಬದಲಿಸುವ ಮುನ್ನ ಒಂದು ವಾರ ಮತ್ತು ಬದಲಿಸಿದ ಮೇಲೆ ಎರಡು ವಾರ ಮನೆಯಲ್ಲೇ ಬಿಪಿ ಅಥವಾ ಶುಗರ್ ನೋಡಿ ಬರೆದಿಟ್ಟುಕೊಳ್ಳಿ. ಅನುಮಾನವನ್ನು ಅಂಕಿಗಳೇ ತೀರಿಸುತ್ತವೆ. ಈ ಕೇಂದ್ರಗಳ ನಿಜವಾದ ಕೊರತೆ ಬೇರೆಡೆ ಇದೆ: ಎಲ್ಲ ಮಿಲಿಗ್ರಾಂಗಳೂ ಎಲ್ಲ ಕೇಂದ್ರಗಳಲ್ಲೂ ಸದಾ ಇರುವುದಿಲ್ಲ. ಜನೌಷಧಿ ಸುಗಮ್ ಎಂಬ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವನ್ನೂ ಔಷಧದ ಬೆಲೆಯನ್ನೂ ನೋಡಬಹುದು. ಹೋಗುವ ಮೊದಲು ಫೋನ್ ಮಾಡಿ ವಿಚಾರಿಸುವುದು, ಇದ್ದಾಗ ಎರಡು ತಿಂಗಳಿಗಾಗುವಷ್ಟು ತಂದಿಡುವುದು ಒಳ್ಳೆಯದು.

ಮಾಮೂಲಿ ಮೆಡಿಕಲ್ ಶಾಪ್ ಮತ್ತು ಆನ್‌ಲೈನ್ ಅಂಗಡಿಗಳ ವಿಷಯದಲ್ಲಿ ಡಿಸ್ಕೌಂಟಿನ ಶೇಕಡಾವಾರಿಗೆ ಮರುಳಾಗದೆ ಒಂದು ಮಾತ್ರೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಬೇಕು. 15 ಮಾತ್ರೆಗಳ ಒಂದು ಸ್ಟ್ರಿಪ್ಪಿಗೆ 180 ರೂಪಾಯಿ ಎಂದಿಟ್ಟುಕೊಳ್ಳಿ. ಒಂದಕ್ಕೆ 12 ರೂಪಾಯಿ. ಶೇ 20 ಡಿಸ್ಕೌಂಟ್ ಕಳೆದರೆ 9 ರೂಪಾಯಿ 60 ಪೈಸೆ. ಅದೇ ಕಂಟೆಂಟಿನ ಇನ್ನೊಂದು ಕಂಪನಿಯ 10 ಮಾತ್ರೆಗಳ ಸ್ಟ್ರಿಪ್ಪಿಗೆ 95 ರೂಪಾಯಿಯಾದರೆ ಡಿಸ್ಕೌಂಟೇ ಇಲ್ಲದೆ ಒಂದಕ್ಕೆ 9 ರೂಪಾಯಿ 50 ಪೈಸೆ. ದೊಡ್ಡ ಡಿಸ್ಕೌಂಟಿನ ಬೋರ್ಡು ಹಾಕಿದ ಅಂಗಡಿ ಇಲ್ಲಿ ಸೋತಿತು. ಆನ್‌ಲೈನ್‌ನಲ್ಲಿ ಡೆಲಿವರಿ ಶುಲ್ಕವನ್ನೂ, ಉಚಿತ ಡೆಲಿವರಿಗೆಂದು ಬೇಡದ ವಸ್ತು ಸೇರಿಸಿಕೊಳ್ಳುವ ಚಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದೇ ಕಂಟೆಂಟಿಗೆ ಇಷ್ಟೊಂದು ಬೆಲೆಗಳೇಕೆ ಎಂದರೆ, 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಮಾತ್ರ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವಾದ ಎನ್‌ಪಿಪಿಎ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಪಟ್ಟಿಯ ಹೊರಗಿನವುಗಳಿಗೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂಬ ಕಟ್ಟು ಮಾತ್ರ ಇದೆ. ಎರಡು ಮೂರು ಔಷಧ ಸೇರಿಸಿದ ಕಾಂಬಿನೇಷನ್ ಮಾತ್ರೆಗಳಲ್ಲಿ ಹಲವು ಪಟ್ಟಿಯ ಹೊರಗೇ ಉಳಿಯುತ್ತವೆ. ಹೀಗಾಗಿ ಅದೇ ಎರಡು ಔಷಧಗಳನ್ನು ಬೇರೆ ಬೇರೆಯಾಗಿ ಕೊಂಡರೆ ಅಗ್ಗವಾಗುವುದುಂಟು. ಆದರೆ ಮರೆವು ಇರುವ ಹಿರಿಯರಿಗೆ ಒಂದೇ ಮಾತ್ರೆ ಅನುಕೂಲ. ಇದನ್ನು ವೈದ್ಯರೊಂದಿಗೆ ಮಾತಾಡಿಯೇ ತೀರ್ಮಾನಿಸಬೇಕು. ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಬೆಲೆಗಳನ್ನು ಹೋಲಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುವುದರಿಂದ ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದ ಬಿಲ್ಲನ್ನು ಒಪ್ಪಬೇಕಿಲ್ಲ.

ಸ್ಟ್ರಿಪ್ ಕತ್ತರಿಸಿ ಕೊಡುವಾಗ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕವಿರುವ ತುದಿ ಅಂಗಡಿಯಲ್ಲೇ ಉಳಿದುಬಿಡಬಹುದು. ಬಿಲ್ಲಿನಲ್ಲಿ ಅವೆರಡೂ ನಮೂದಾಗಿವೆಯೇ ನೋಡಿಕೊಳ್ಳಿ.

ಮನೆಯಲ್ಲಿ ಮಾತ್ರೆ ಹಾಳಾಗದಂತೆ

ತಂದ ಮಾತ್ರೆ ಕೆಟ್ಟರೆ ಉಳಿತಾಯವೆಲ್ಲ ವ್ಯರ್ಥ. ಫ್ರಿಜ್ಜಿನ ತಲೆಯ ಮೇಲೆ, ಒಲೆಯ ಪಕ್ಕದ ಕಪಾಟಿನಲ್ಲಿ, ಬಚ್ಚಲುಮನೆಯ ಕನ್ನಡಿಯ ಹಿಂದೆ ಇಡಬೇಡಿ. ಮಂಗಳೂರು, ಉಡುಪಿ, ಕಾರವಾರದಂತಹ ತೇವದ ಊರುಗಳಲ್ಲಿ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ತಿಂಗಳಿಗಾಗುವಷ್ಟು ಡಬ್ಬಿಗೆ ತುಂಬುವುದೂ ಸರಿಯಲ್ಲ. ವಾರದ ಡಬ್ಬಿ ಸಾಕು. ತೆರೆಯದ ಇನ್ಸುಲಿನ್ ಫ್ರಿಜ್ಜಿನ ಬಾಗಿಲಿನ ಬದಲು ಒಳಗಿನ ತಟ್ಟೆಯಲ್ಲಿ, ಫ್ರೀಜರ್‌ಗೆ ತಾಗದಂತೆ, 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬರುವುದಿಲ್ಲ.

ಹೊತ್ತಿನ ಶಿಸ್ತೂ ಹಣದ ವಿಷಯವೇ. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೇ ನುಂಗಿದರೆ ದೇಹ ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ಟಿಎಸ್‌ಎಚ್ ಏರುತ್ತದೆ, ಡೋಸ್ ಹೆಚ್ಚುತ್ತದೆ. ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ ಕುಡಿಯಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾದೊಂದಿಗೆ ನುಂಗುವ ಬದಲು ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಂಡರೆ ಹೆಚ್ಚು ಮೈಗೆ ಹತ್ತುತ್ತದೆ.

ಉಪ್ಪಿನ ಪ್ಯಾಕೆಟಿನ ಲೆಕ್ಕ

ಬಿಪಿ ಮಾತ್ರೆಯ ಡೋಸ್ ಹೆಚ್ಚಾಗದಂತೆ ನೋಡಿಕೊಳ್ಳುವ ಅತಿ ಅಗ್ಗದ ಉಪಾಯ ಅಡುಗೆಮನೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಚಮಚದಲ್ಲಿ ಅಳೆಯುತ್ತಾ ಕೂರುವುದು ಯಾರಿಗೂ ಸಾಧ್ಯವಿಲ್ಲ, ಆದ್ದರಿಂದ ಪ್ಯಾಕೆಟಿನಲ್ಲಿ ಅಳೆಯಿರಿ: ನಾಲ್ವರು ದೊಡ್ಡವರ ಮನೆಯಲ್ಲಿ ದಿನಕ್ಕೆ 20 ಗ್ರಾಂ ಎಂದರೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಹೊಸ ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಪೆನ್ನಿನಿಂದ ಬರೆದಿಡಿ. ತಿಂಗಳೊಳಗೇ ಖಾಲಿಯಾದರೆ ವಿಷಯ ಸ್ಪಷ್ಟ; 50 ದಿನ ಬಂದರೂ ಬೀಗುವಂತಿಲ್ಲ, ಏಕೆಂದರೆ ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರದ ಬನ್ನು, ಚಿಪ್ಸು ಈ ಲೆಕ್ಕದ ಹೊರಗಿವೆ. ಸಾರು, ಹುಳಿಗಳ ಉಪ್ಪನ್ನು ಒಮ್ಮೆಲೇ ಇಳಿಸಿದರೆ ಮನೆಯಲ್ಲಿ ದಂಗೆಯೇಳುತ್ತಾರೆ. ವಾರಕ್ಕಿಷ್ಟು ಎಂದು ಇಳಿಸಿ, ಹುಣಸೆ, ನಿಂಬೆ, ಇಂಗು, ಕರಿಬೇವಿನ ಒಗ್ಗರಣೆಯಿಂದ ರುಚಿ ತುಂಬಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಮೊಸರನ್ನಕ್ಕೆ ಮೇಲಿಂದ ಉಪ್ಪು ಉದುರಿಸುವುದನ್ನು ಬಿಡುವುದು ಒಳ್ಳೆಯ ಆರಂಭ. ಸೋಡಿಯಂ ಕಡಿಮೆ ಇರುವ ಉಪ್ಪುಗಳಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು.

ಬಿಪಿ ನೋಡುವ ಕ್ರಮ ತಪ್ಪಿದರೂ ವೃಥಾ ಮಾತ್ರೆ ಹೆಚ್ಚಾದೀತು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಧಾರ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ನೋಡಬೇಕು. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಎರಡನ್ನೂ ಬರೆಯಿರಿ. ಮಂಡಿನೋವಿಗೆಂದು ದಿನವೂ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗುವವರಲ್ಲಿ ಬಿಪಿ ಏರುವುದಕ್ಕೂ ಮೂತ್ರಪಿಂಡ ಸೊರಗುವುದಕ್ಕೂ ಅವೇ ಕಾರಣವಾಗಬಹುದು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯ ಬಗ್ಗೆ ಎಲ್ಲರೂ ಕೇಳಿದ್ದೀರಿ, ಅದನ್ನು ಮತ್ತೆ ಬೋಧಿಸುವುದಿಲ್ಲ.

ನೆಗಡಿ, ಜ್ವರ, ಭೇದಿಗೆ

ಸಣ್ಣ ಕಾಯಿಲೆಗಳಲ್ಲಿ ಹಣ ಪೋಲಾಗುವುದು ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್‌ಗಳಿಗೆ. ಮಾಮೂಲಿ ನೆಗಡಿ ವೈರಸ್‌ನಿಂದ ಬರುವುದರಿಂದ ಅವು ಅದಕ್ಕೆ ನಾಟುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಹಿಂದಿನ ಸಲ ಉಳಿದದ್ದನ್ನು ನುಂಗಲೂಬಾರದು. ಮಕ್ಕಳಿಗೆ ಕೆಮ್ಮಿನ ಸಿರಪ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಎರಡು ವರ್ಷದೊಳಗಿನವರಿಗೆ ಕೊಡಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೇ 2025ರ ಅಕ್ಟೋಬರಿನಲ್ಲಿ ತಿಳಿಸಿದೆ.

ಭೇದಿಯಾದಾಗ ಬೇಕಾದದ್ದು ಓಆರ್‌ಎಸ್, ಅದೂ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಮುದ್ರಿಸಿರುವ ಪುಡಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವಂತಿಲ್ಲ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳಲ್ಲಿ ಸಕ್ಕರೆ ಹೆಚ್ಚಿದ್ದು ಭೇದಿಯನ್ನು ಹೆಚ್ಚಿಸಬಹುದು, ಬೆಲೆಯೂ ಹೆಚ್ಚು. ಪ್ಯಾಕೆಟ್ ಸಿಗದ ರಾತ್ರಿಯಲ್ಲಿ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕುಡಿಸಬಹುದು. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಖರ್ಚಿನ ಯೋಚನೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಿಲ್ಲುಗಳನ್ನು ಎಸೆಯಬೇಡಿ

ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ ಎನ್‌ಪಿಪಿಎಗೆ ದೂರು ಕೊಡಲು ಬಿಲ್ಲೇ ಆಧಾರ. ಔಷಧದಿಂದ ಅಡ್ಡಪರಿಣಾಮವಾದಾಗ 1800-180-3024 ಸಂಖ್ಯೆಗೆ ಉಚಿತ ಕರೆ ಮಾಡಿ ವರದಿ ಮಾಡಬಹುದು. ಅಲ್ಲಿಯೂ ಬ್ಯಾಚ್ ನಂಬರ್ ಕೇಳುತ್ತಾರೆ. ತೆರಿಗೆ ಕಟ್ಟುವವರಿಗೆ ಇನ್ನೊಂದು ಪ್ರಯೋಜನವಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು, 60 ದಾಟಿದ ತಂದೆತಾಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಔಷಧ ಮತ್ತು ಚಿಕಿತ್ಸೆಗೆಂದು ಮಾಡಿದ ಖರ್ಚಿನಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ನಗದಾಗಿ ಕೊಟ್ಟದ್ದು ಇದಕ್ಕೆ ಸೇರುವುದಿಲ್ಲವಾದ್ದರಿಂದ ಅಪ್ಪ ಅಮ್ಮನ ಮಾತ್ರೆಗಳಿಗೆ ಯುಪಿಐ ಅಥವಾ ಕಾರ್ಡಿನಲ್ಲಿ ಹಣ ಪಾವತಿಸಿ, ಬಿಲ್ಲಿನಲ್ಲಿ ಅವರದೇ ಹೆಸರು ಬರೆಸಿಕೊಳ್ಳಿ.